ಮೊದಲು ಕೆಳಗ ಇಳೀರಿ

ನಾನು ಹುಟ್ಟಿದ ಕೂಡಲೆ ಅಳಲಿಲ್ಲವಂತೆ. ಸೂಲಗಿತ್ತಿ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ನಾಲ್ಕು ಹಾಕಿದ ಮೇಲೆಯೇ ದನಿ ತೆಗೆದೆನಂತೆ. ಅತ್ತರೆ ಯಾರು ಏನಂದುಕೊಳ್ಳುತ್ತಾರೋ ಎಂದು ಅಂಜಿ ಸುಮ್ಮನಿದ್ದಿರಬೇಕು ಎಂಬುದು ನನ್ನ ಗಂಡನ ಅಭಿಪ್ರಾಯ. ಅವರು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ಯಾವುದಕ್ಕೂ ಅಂಜದ ಮನುಷ್ಯ. ಒಂದು ಮನೆಯ ಅಂಜಿಕೆಯನ್ನೆಲ್ಲ ಒಬ್ಬರೇ ವಹಿಸಿಕೊಂಡರೆ ಇನ್ನೊಬ್ಬರ ಪಾಲಿಗೆ ಧೈರ್ಯ ತಾನಾಗಿ ಉಳಿಯುತ್ತದೆ.

ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ತಿರುಗಿ ಬಂದು ಬೀಗ ಎಳೆದು ನೋಡುವವಳು ನಾನು. ಯಾದಗಿರಿಯಲ್ಲಿ ಬಸ್ಸು ಹತ್ತಿದ ಮೇಲೆ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಚಿಂತೆ. ಭೀಮಾ ಸೇತುವೆ ಬಂದಾಗ ಅಷ್ಟು ಹೊತ್ತು ಸೇತುವೆಯ ಚಿಂತೆ. ದಾಟಿದ ಮೇಲೆ ಮತ್ತೆ ಗ್ಯಾಸು. ಹೀಗೆ ಚಿಂತಿಸುತ್ತಲೇ ನಾನು ಶಹಾಪುರ ಮುಟ್ಟುತ್ತಿದ್ದುದು.

ಅಲ್ಲಿನ ಒಂದು ಪದವಿ ಕಾಲೇಜಿನಲ್ಲಿ ನಾನು ಭೂಗೋಳ ಕಲಿಸುವ ಅತಿಥಿ ಉಪನ್ಯಾಸಕಿ. ಆಗಲೇ ಹದಿಮೂರು ವರ್ಷದ ಅತಿಥಿ. ನಮ್ಮ ಕಡೆ ಬೀಗರು ಬಂದು ಮೂರು ದಿನ ದಾಟಿದರೆ ಚಹಾದ ಕಪ್ಪು ಸಣ್ಣದಾಗುತ್ತದೆ. ನನ್ನ ಕಪ್ಪು ಯಾವಾಗ ಬರುವುದೇ ನಿಲ್ಲುತ್ತದೋ ಎಂದು ಪ್ರತಿ ಬೇಸಿಗೆಯಲ್ಲೂ ಕಾದು ಕೂಡುತ್ತಿದ್ದೆ. ವರ್ಷ ಮುಗಿದ ದಿನ ಕೆಲಸವೂ ಮುಗಿಯುತ್ತದೆ. ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕರೆಯುವಾಗ ನಾನು ಎಷ್ಟು ಚೆನ್ನಾಗಿ ಕಲಿಸಿದೆ ಎಂದು ಯಾರೂ ಕೇಳುವುದಿಲ್ಲ. ಕಾಯಂ ಇದ್ದವರಿಗೆ ಹಂಚಿ ಉಳಿದ ತರಗತಿ ಎಷ್ಟು ಎಂದು ನೋಡುತ್ತಾರೆ.

ಕಾಲೇಜುಗಳೆಲ್ಲ ಬಾಗಿಲು ಹಾಕಿ ಪಾಠ ಫೋನಿನೊಳಗೆ ಹೊಕ್ಕ ಆ ವರ್ಷ ನನ್ನ ತರಗತಿ ಅಡುಗೆಮನೆಗೆ ಬಂತು. ಜೋಳದ ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ, ಮುಂದೆ ಕೂತು, ಬೆಳಿಗ್ಗೆ ಒಂಬತ್ತಕ್ಕೆ ಪಾಠ ಶುರು. ಕಪ್ಪು ಪರದೆಯ ಮೇಲೆ ಸಾಲಾಗಿ ವೃತ್ತಗಳು. ಒಂದರಲ್ಲಿ ಎತ್ತು, ಒಂದರಲ್ಲಿ ದೇವರು, ಒಂದರಲ್ಲಿ ಟ್ರ್ಯಾಕ್ಟರು, ಒಂದರಲ್ಲಿ ಯಾರದೋ ಕೂಸು. ಫೋನು ಅಪ್ಪನದೋ ಮಾವನದೋ ಆಗಿರುತ್ತಿದ್ದರಿಂದ ಕೆಳಗಿನ ಹೆಸರೂ ಅವರದೇ. ಯಾವ ಎತ್ತು ಯಾವ ವಿದ್ಯಾರ್ಥಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಮುಖ ಯಾರೂ ತೋರಿಸುತ್ತಿರಲಿಲ್ಲ, ದನಿ ಅಪರೂಪ. ಗೋಡೆಗೆ ಪಾಠ ಹೇಳಿದ ಹಾಗೆ ಎಂದು ಜೊತೆಯ ಉಪನ್ಯಾಸಕರು ಗೊಣಗುತ್ತಿದ್ದರು. ನನಗೆ ಹಾಗನ್ನಿಸಲಿಲ್ಲ. ಗೋಡೆ ನಡುವೆ ಎದ್ದು ಹೋಗುವುದಿಲ್ಲ.

ಎದ್ದು ಹೋಗುವುದೇ ನನ್ನ ದೊಡ್ಡ ಭಯವಾಗಿತ್ತು. ಪಾಠದ ನಡುವೆ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಪ್ರಾಂಶುಪಾಲರಿಗೆ ಕಳಿಸಬೇಕಿತ್ತು. ಅವರು ವೃತ್ತ ಎಣಿಸುತ್ತಿದ್ದರು. ಇಪ್ಪತ್ತೈದಕ್ಕಿಂತ ಕಡಿಮೆಯಾದರೆ ಎರಡು ತರಗತಿ ಕೂಡಿಸಿ ಕಾಯಂ ಉಪನ್ಯಾಸಕರಿಗೆ ಕೊಡಲಾಗುವುದು ಎಂದು ಉಪನ್ಯಾಸಕರ ವಾಟ್ಸಾಪ್ ಗುಂಪಿನಲ್ಲಿ ಬರೆದು, ಅದರ ಕೆಳಗೆ ಕೈಮುಗಿದ ಚಿತ್ರವನ್ನೂ ಹಾಕಿದ್ದರು. ಆ ಕೈಮುಗಿದ ಚಿತ್ರ ನೋಡಿದಾಗಲೆಲ್ಲ ನನ್ನ ವೃತ್ತಗಳನ್ನು ಇನ್ನೊಮ್ಮೆ ಎಣಿಸುತ್ತಿದ್ದೆ.

ಒಂದು ವಾರ ನನ್ನ ವೃತ್ತಗಳು ಇಪ್ಪತ್ತೆರಡಕ್ಕೆ ಇಳಿದವು. ಕೇಳಿದರೆ ಎಲ್ಲರದೂ ಒಂದೇ ಮಾತು: ಊರಲ್ಲಿ ನೆಟ್‌ವರ್ಕ್ ಇಲ್ಲ. ಸುಳ್ಳೇನಲ್ಲ. ಆದರೆ ಅಂಜಿಕೆ ಹತ್ತಿದವರಿಗೆ ಬೇರೆಯವರ ನಿಜವೆಲ್ಲ ನೆಪದಂತೆ ಕೇಳುತ್ತದೆ. ಅದೇ ವಾರ ನಕ್ಷೆ ಓದುವ ಪಾಠ ಬಂತು. ಒಂದೇ ಎತ್ತರದ ಜಾಗಗಳನ್ನು ಕೂಡಿಸಿ ಎಳೆಯುವ ಗೆರೆಗಳು, ಅವುಗಳಿಂದ ಗುಡ್ಡ ಯಾವುದು ತಗ್ಗು ಯಾವುದು ಎಂದು ತಿಳಿಯುವ ರೀತಿ. ನನಗೊಂದು ಜಾಣತನ ಹೊಳೆಯಿತು.

"ನೆಟ್‌ವರ್ಕ್ ಇಲ್ಲ ಅನ್ನಬ್ಯಾಡ್ರಿ. ಭೂಗೋಳ ಓದೋ ಮಂದಿ ನೀವು," ಎಂದೆ. "ನಿಮ್ಮೂರಾಗ ಎಲ್ಲಕ್ಕಿಂತ ಎತ್ತರದ ಜಾಗ ಯಾವುದೈತಿ ಹುಡುಕ್ರಿ. ನಾಳೆಯಿಂದ ಅಲ್ಲೇ ಹೋಗಿ ಕುಂದರ್ರಿ."

ಮರುದಿನ ಮೂವತ್ಮೂರು ವೃತ್ತ. ಹದಿಮೂರು ವರ್ಷದಲ್ಲಿ ನನ್ನ ಪಾಠವೊಂದು ಹೀಗೆ ಕೂಡಲೇ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಗಂಡನಿಗೆ ಹೇಳಿಕೊಂಡು ಬೀಗಿದೆ. ಅವರು ರೊಟ್ಟಿ ಮುರಿಯುತ್ತ, "ಅಂದ್ರ ಹುಡುಗೂರನ್ನೆಲ್ಲ ಗುಡ್ಡಾ ಹತ್ತಿಸಿದಿ," ಎಂದರು. ನಾನು ನಕ್ಕೆ. ಬೀಗವನ್ನು ಎರಡು ಸಲ ಎಳೆದು ನೋಡುವ ನನಗೆ ಆ ಮಾತು ಮಾತ್ರ ತಟ್ಟಲೇ ಇಲ್ಲ.

ವಾರ ಕಳೆದಿರಬೇಕು. ಹಿಂಗಾರಿನ ಮಳೆ ಎರಡು ದಿನ ಹಿಡಿದು ಬಿಟ್ಟಿತ್ತು. ಅಂದು ಅದೇ ನಕ್ಷೆಯ ಪಾಠವನ್ನು ಮತ್ತೊಮ್ಮೆ ತಿರುವಿಹಾಕುತ್ತಿದ್ದೆ. ಸೂರ್ಯಕಾಂತಿ ಹೂವಿನ ವೃತ್ತದ ಹುಡುಗಿಯನ್ನು ಎಬ್ಬಿಸಿದೆ. ಎಬ್ಬಿಸುವುದೆಂದರೆ ಹೆಸರು ಹಿಡಿದು ಕರೆಯುವುದು, ಅಷ್ಟೆ. ಸುರಪುರದಾಚೆಯ ಹಳ್ಳಿಯವಳು. ಸೋದರಮಾವನ ಫೋನಿನಲ್ಲಿ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುವ ಮೂರ್ನಾಲ್ಕು ಮಂದಿಯಲ್ಲಿ ಒಬ್ಬಳು. ಗೆರೆಗಳು ಒತ್ತೊತ್ತಾಗಿ ಬಂದರೆ ಅಲ್ಲಿ ನೆಲ ಹೇಗಿರುತ್ತದೆ ಎಂದು ಕೇಳಿದೆ.

ಅವಳ ಮೈಕು ತೆರೆಯಿತು. ಗಾಳಿಯ ಸಪ್ಪಳ ಬಂತು. "ಕಡಿದಾದ ಇಳಿಜಾರು ಇರ್ತದ್ರಿ ಮೇಡಂ, ಅಂದ್ರ…" ಎಂದಳು. ಆಮೇಲೆ ಕಲ್ಲಿಗೆ ಏನೋ ಕೆರೆದ ಸದ್ದು. "ಯವ್ವಾ" ಎಂದಳು. ಜೋರಾಗಿ ಅಲ್ಲ, ಮನೆಯಲ್ಲಿ ಅವ್ವನನ್ನು ಕರೆದ ಹಾಗೆ. ಒಂದು ಪೆಟ್ಟಿನ ಸದ್ದು. ಸೂರ್ಯಕಾಂತಿ ಹೋಯಿತು.

ಇನ್ನು ಮುಂದಿನದನ್ನು ಬರೆಯಲು ನನಗೆ ನಾಚಿಕೆ. ನಾನು ಪಾಠ ಮುಂದುವರಿಸಿದೆ. ಹತ್ತು ನಿಮಿಷ. ನೆಟ್‌ವರ್ಕ್ ಹೋಗಿರಬೇಕು ಎಂದು ಎಲ್ಲರಿಗೂ ಕೇಳುವಂತೆ ಅಂದು, ಸ್ಕ್ರೀನ್‌ಶಾಟ್ ತೆಗೆದು, ಪ್ರಾಂಶುಪಾಲರಿಗೆ ಕಳಿಸಿ, ಎಣಿಸಿದೆ ಕೂಡ. ಮೂವತ್ತೊಂದು. ಇಪ್ಪತ್ತೈದಕ್ಕೆ ಕಡಿಮೆಯಾಗಲಿಲ್ಲವಲ್ಲ ಎಂದು ನನ್ನೊಳಗೆ ಯಾರೋ ನಿಟ್ಟುಸಿರು ಬಿಟ್ಟರು. ಆ ಯಾರೋ ನಾನೇ.

ತರಗತಿ ಮುಗಿದ ಮೇಲೆ ಆ ನಂಬರಿಗೆ ಫೋನು ಹಚ್ಚಿದೆ. ಸ್ವಿಚ್ ಆಫ್. ಮತ್ತೆ ಹಚ್ಚಿದೆ. ಆರನೆಯ ಸಲವೂ ಅದೇ. ಅವಳ ಪಕ್ಕದ ಊರಿನ ಇನ್ನೊಬ್ಬ ವಿದ್ಯಾರ್ಥಿನಿಗೆ ಫೋನು ಮಾಡಿ, ಅವಳು ಎಲ್ಲಿ ಕೂತು ಪಾಠ ಕೇಳುತ್ತಾಳೆ ಎಂದು ಕೇಳಿದೆ.

"ಊರ ಹೊರಗ ದೊಡ್ಡ ಗುಂಡುಕಲ್ಲು ಐತ್ರಿ ಮೇಡಂ. ಅದರ ಮ್ಯಾಲ ಹತ್ತಿ ಕುಂದರತಾಳ," ಎಂದಳು. "ನೀವ ಹೇಳಿದ್ರೆಲ್ರಿ," ಎಂದಳು.

ಸುರಪುರದ ಕಡೆಯ ಗುಂಡುಕಲ್ಲುಗಳನ್ನು ನೋಡಿದವರಿಗೆ ಅದೆಂಥ ಜಾಗ ಎಂದು ಹೇಳಬೇಕಿಲ್ಲ. ಕಲ್ಲಿನ ಮೇಲೆ ಕಲ್ಲು, ಯಾರೋ ಆಡುತ್ತ ಇಟ್ಟು ಮರೆತು ಹೋದ ಹಾಗೆ. ಮಳೆ ಬಂದು ನಿಂತ ಮೇಲೆ ಅವುಗಳ ಮೈ ಸಾಬೂನು ಹಚ್ಚಿದಂತಿರುತ್ತದೆ.

ಗಂಡ ಇನ್ನೂ ಕಚೇರಿಗೆ ಹೊರಟಿರಲಿಲ್ಲ. ಹೇಳಿದೆ. "ಫೋನ್ ಬಿದ್ದಿರಬೇಕು. ಹುಡುಗಿ ಯಾಕ ಬೀಳ್ತಾಳ? ಸುಮ್ಮನ ಫಿಕರ್ ಮಾಡಬ್ಯಾಡ," ಎಂದರು. ಅವರದು ತಪ್ಪಲ್ಲ. ಗ್ಯಾಸು, ಬೀಗ, ಸೇತುವೆ, ಹಾವು, ಲಾರಿ ಎಂದು ನಾನು ಸಾವಿರ ಸಲ ಹೆದರಿಸಿದ್ದೆ, ಒಂದು ಸಲವೂ ಏನೂ ಆಗಿರಲಿಲ್ಲ. ಆದರೆ ಅವೆಲ್ಲ ಮಾತಾಡುವ ಅಂಜಿಕೆಗಳು. ಹಾಗಾದರೆ, ಹೀಗಾದರೆ ಎಂದು ತಲೆಯಲ್ಲಿ ವಟವಟ ಅನ್ನುತ್ತಲೇ ಇರುವಂಥವು. ಇದು ಒಂದೂ ಮಾತಾಡಲಿಲ್ಲ. ಎದೆಯಲ್ಲಿ ಬಂದು ಕೂತಿತು, ಅಷ್ಟೆ. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಬಿದ್ದದ್ದನ್ನು ನೋಡಿ ಅವರಿಗೂ ಏನೋ ಅನ್ನಿಸಿರಬೇಕು. ಬಾಗಿಲಿಗೆ ಬಂದು ಹೇಳಿದರು: "ಗ್ಯಾಸು, ಬೀಗ ನಾ ನೋಡ್ತೀನಿ. ನೀ ನಡಿ."

ಬಸ್ಸುಗಳು ಆಗ ಮತ್ತೆ ಓಡಾಡಲು ಶುರುವಾಗಿದ್ದವು. ಬಾಯಿ ಮೂಗು ಕಟ್ಟಿಕೊಂಡ ಮಂದಿ ಒಂದೊಂದು ಸೀಟು ಬಿಟ್ಟು ಕೂತಿದ್ದರು. ಭೀಮಾ ಸೇತುವೆ ಯಾವಾಗ ದಾಟಿದೆವೋ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ನಾನು ಮಾತು ಜೋಡಿಸುತ್ತಿದ್ದೆ. ಎತ್ತರದ ಜಾಗ ಅಂದೆ, ಕಲ್ಲು ಅನ್ನಲಿಲ್ಲ. ಕುಂದರ್ರಿ ಅಂದೆ, ಹತ್ತ್ರಿ ಅನ್ನಲಿಲ್ಲ. ಮನೆಯ ಮಾಳಿಗೆಯೂ ಎತ್ತರವೇ ಅಲ್ಲವೇ. ಮಳೆಯಲ್ಲಿ ಹತ್ತು ಎಂದು ಯಾರು ಹೇಳಿದ್ದರು. ಒಂದೊಂದು ವಾಕ್ಯವೂ ನಿಜವಾಗಿತ್ತು, ಎಲ್ಲ ಕೂಡಿಸಿದರೆ ಸುಳ್ಳಾಗುತ್ತಿತ್ತು.

ಶಹಾಪುರ ಬಂತು. ಅಲ್ಲಿನ ಗುಡ್ಡ ದೂರದಿಂದ ನೋಡಿದರೆ ಬುದ್ಧ ಮಲಗಿದ ಹಾಗೆ ಕಾಣುತ್ತದೆ. ಹೊಸ ಹುಡುಗರಿಗೆ ಪ್ರತಿ ವರ್ಷ ಕಿಟಕಿಯಿಂದ ತೋರಿಸುತ್ತಿದ್ದೆ: ಅದು ಹಣೆ, ಅದು ಮೂಗು, ಅದು ಎದೆ. ಅಂದು ಮಾತ್ರ ಯಾರೋ ಬಿದ್ದು ಏಳಲಾರದೆ ಮಲಗಿದ ಹಾಗೆ ಕಂಡಿತು. ಮುಖ ತಿರುಗಿಸಿದೆ.

ಸುರಪುರದಲ್ಲಿ ಇಳಿದು, ಆ ಊರಿನ ಕಡೆಗೆ ಹೋಗುವ ಟಂಟಂ ಹಿಡಿದು, ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳ ನಡುವೆ ಒತ್ತರಿಸಿ ಕೂತೆ. ಹುಡುಗಿ ಏನಾದಳೆಂದು ಅವರನ್ನು ಕೇಳಲೇ ಬೇಡವೇ ಎಂದು ಅರ್ಧ ದಾರಿ ಕಳೆದು, ಕೊನೆಗೂ ಕೇಳಲಿಲ್ಲ. ಕೇಳಿದರೆ ಯಾರಾದರೂ ಉತ್ತರ ಹೇಳಿಬಿಡುತ್ತಾರಲ್ಲ.

ಊರು ಇನ್ನೂ ಅರ್ಧ ಫರ್ಲಾಂಗು ಇರುವಾಗಲೇ ಕಲ್ಲು ಕಂಡಿತು. ಇಳಿದುಬಿಟ್ಟೆ. ಎರಡಾಳು ಎತ್ತರ. ಒಂದು ಮಗ್ಗುಲಿಗೆ ಹತ್ತಲು ಬರುವಂತೆ ಸಣ್ಣ ಕಲ್ಲುಗಳು ಒರಗಿದ್ದವು, ಇನ್ನೊಂದು ಮಗ್ಗುಲು ನೆಟ್ಟಗೆ. ಗೆರೆ ಎಳೆದರೆ ಒತ್ತೊತ್ತಾಗಿ ಬರುವಂಥದ್ದು. ಹಸಿರು ಪಾಚಿಯ ಮೇಲೆ ಉದ್ದಕ್ಕೆ ಕೆರೆದ ಗುರುತು. ಅದರ ಕೆಳಗೆ, ಕೆಸರಲ್ಲಿ, ಒಂದು ಚಪ್ಪಲಿ. ನೀಲಿ ಪಟ್ಟಿಯ ಎಡಗಾಲಿನ ಚಪ್ಪಲಿ. ಇನ್ನೊಂದು ಎಲ್ಲೂ ಇರಲಿಲ್ಲ.

ನಾನು ಅದನ್ನು ಎತ್ತಿಕೊಂಡೆ. ಬ್ಯಾಗಿನಲ್ಲಿ ಹಾಕಿಕೊಳ್ಳಬೇಕೆಂದು ತೋಚಲಿಲ್ಲ. ಕೆಸರು ತೊಟ್ಟಿಕ್ಕುವ ಚಪ್ಪಲಿ ಕೈಯಲ್ಲಿ ಹಿಡಿದು ಊರೊಳಗೆ ನಡೆದೆ. ಕಟ್ಟೆಯ ಮೇಲಿದ್ದವರ ಮಾತು ನಿಂತಿತು. ಹುಡುಗಿಯ ಮನೆ ಯಾವುದೆಂದು ಕೇಳಿದರೆ ಬಾಯಿಂದ ಹೇಳದೆ ಕೈಯಿಂದ ತೋರಿಸಿದರು. ನಾಲ್ಕೈದು ಮಂದಿ ಹಿಂದೆ ಬಂದರು. ಅವರು ಸುಮ್ಮನಿರುವುದಕ್ಕೆ ಒಂದೇ ಅರ್ಥ ಎಂದುಕೊಂಡೆ. ಅವರು ಸುಮ್ಮನಿದ್ದದ್ದು ಬೇರೆಯದಕ್ಕೆ. ನಮ್ಮ ಸೀಮೆಯಲ್ಲಿ ಹೆಣ್ಣುಮಗಳೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬರ ಮನೆ ಕೇಳಿಕೊಂಡು ಬಂದಳೆಂದರೆ ಆಕೆ ಜಗಳಕ್ಕೇ ಬಂದವಳು. ಅವರೆಲ್ಲ ನೋಡಲು ಬಂದಿದ್ದರು. ಅಷ್ಟು ತಿಳಿಯದಷ್ಟು ನನಗೆ ಮಂಕು ಕವಿದಿತ್ತು.

ಬಾಗಿಲಲ್ಲಿ ಅವಳ ತಾಯಿ ನಿಂತಿದ್ದಳು. ನನ್ನ ವಯಸ್ಸಿನವಳೇ, ಸೆರಗು ಸೊಂಟಕ್ಕೆ ಸಿಗಿಸಿದ್ದಳು. ನನ್ನನ್ನೂ ಚಪ್ಪಲಿಯನ್ನೂ ನೋಡಿದಳು.

"ಅದನ್ನ ಹಿಡಕೊಂಡು ಯಾರ ಮ್ಯಾಲ ಬಂದೀರಿ?"

ನಾನು ಚಪ್ಪಲಿ ಮುಂದೆ ಚಾಚಿದೆ. ಆಕೆ ಅದನ್ನು ಗುರುತು ಹಿಡಿದಳು. ಕಾಲೇಜಿನಿಂದ ಬಂದವಳು, ಭೂಗೋಳದವಳು ಎಂದು ಹೇಗೋ ಹೇಳಿದೆ. ಹುಡುಗಿ ಹೇಗಿದ್ದಾಳೆ ಎಂದು ಕೇಳಬೇಕಿತ್ತು, ನಾಲಗೆ ಅಲ್ಲಿಗೆ ಹೋಗಲೇ ಇಲ್ಲ. ಆಕೆಯ ಹುಬ್ಬು ಗಂಟಾಯಿತು.

"ನೀವೇ ಏನ್ರಿ ಗುಂಡು ಹತ್ತು ಅಂದಾಕಿ?"

ಬಸ್ಸಿನಲ್ಲಿ ಜೋಡಿಸಿದ ಅಷ್ಟೂ ವಾಕ್ಯ ಸಾಲಾಗಿ ಬಂದು ನಿಂತವು. ಒಂದನ್ನೂ ಹೇಳಲಾಗಲಿಲ್ಲ. "ಹೌದ್ರಿ, ನಾನೇ," ಎಂದೆ.

ಆಕೆ ಸೊಂಟದ ಸೆರಗು ಬಿಚ್ಚಿ ಕೈ ಒರೆಸಿಕೊಂಡಳು. ಹಿಂದಿದ್ದವರು ಹತ್ತಿರ ಸರಿದರು.

"ಹತ್ತೂದು ಕಲಿಸಿದವರು ಇಳಿಯೂದೂ ಕಲಿಸಬೇಕಾಗಿತ್ತು," ಎಂದಳು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಒಳಗ ಅದಾಳ. ಬರ್ರಿ."

ಅದಾಳ. ಆ ಒಂದು ಮಾತಿಗೆ ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಆಕೆಗೆ ಏನನ್ನಿಸಿತೋ, ಒಳಗಿಂದ ಒಂದು ತಂಬಿಗೆ ನೀರು ತಂದು ಕೈಗೆ ಕೊಟ್ಟು, ಚಪ್ಪಲಿ ಇಸಿದುಕೊಂಡು ಗೋಡೆಗೆ ಒರಗಿಸಿಟ್ಟಳು. ಅಲ್ಲಿ ಅದರ ಜೊತೆಯದು ಆಗಲೇ ಇತ್ತು.

ಹುಡುಗಿ ಹೊರಸಿನ ಮೇಲೆ ಕೂತಿದ್ದಳು. ಎಡಗೈ ಮಣಿಕಟ್ಟಿಗೆ ಬಿದಿರಿನ ಸೀಳು ಇಟ್ಟು ಬಟ್ಟೆ ಬಿಗಿದಿತ್ತು. ಪಕ್ಕದೂರಿನ ಎಲುಬು ಕಟ್ಟುವ ಅಜ್ಜ ಬಂದು ಕಟ್ಟಿ ಹೋಗಿದ್ದನಂತೆ. ಗದ್ದ ತರಚಿತ್ತು. ವರ್ಷವೆಲ್ಲ ಅವಳಿಗೆ ಪಾಠ ಹೇಳಿದ ನಾನು ಅವಳ ಮುಖ ನೋಡಿದ್ದು ಅದೇ ಮೊದಲು. ಸೂರ್ಯಕಾಂತಿಯಂತೇನೂ ಇರಲಿಲ್ಲ. ದುಂಡು ಮುಖ, ಕಣ್ಣು ಅತ್ತು ಊದಿದ್ದವು. ನನ್ನನ್ನು ನೋಡಿ ಗಡಬಡಿಸಿ ಏಳಲು ಹೋದಳು. ಕೈ ನೋವಾಗಿ ಕೂತಳು.

ಅವಳು ಅತ್ತದ್ದು ಕೈಗಲ್ಲ. ಮಾವನ ಫೋನು ಕಲ್ಲಿನ ಮೇಲಿಂದ ಬಿದ್ದು ಚೂರಾಗಿತ್ತು. ಇನ್ನು ಪಾಠವೂ ಇಲ್ಲ, ಹಾಜರಿಯೂ ಇಲ್ಲ, ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಲೆಕ್ಕ ಹಾಕಿ ಕೂತಿದ್ದಳು. ನಾನು ಸ್ಕ್ರೀನ್‌ಶಾಟ್ ನೋಡಿ ಹಾಕುತ್ತಿದ್ದ ಲೆಕ್ಕವೇ. ಒಂದು ಅಂಜಿಕೆಯನ್ನು ಯಾದಗಿರಿಯಿಂದ ಕಳಿಸಿದ್ದೆ, ಅದು ಅಲ್ಲಿ ಮುಟ್ಟಿತ್ತು.

"ಉತ್ತರ ಪೂರ್ತಿ ಹೇಳಲಿಲ್ರಿ ಮೇಡಂ," ಎಂದಳು.

ಅಷ್ಟು ಸಾಕು ಬಿಡು ಎಂದೆ. ಮರುದಿನವೇ ಸುರಪುರದ ಆಸ್ಪತ್ರೆಯಲ್ಲಿ ಕೈಯ ಎಕ್ಸ್‌ರೇ ತೆಗೆಸಬೇಕು ಎಂದು ತಾಯಿಗೆ ಹೇಳಿದೆ. ಅಜ್ಜ ಕಟ್ಟಿದ್ದು ಎತ್ತಿಗೂ ನಿಂತಿದೆ, ಮನುಷ್ಯರಿಗೂ ನಿಂತಿದೆ ಎಂದು ಆಕೆ ವಾದಿಸಿ, ಕೊನೆಗೆ ಒಪ್ಪಿದಳು. ತಾಯಿಯ ಬಳಿ ಒತ್ತುವ ಗುಂಡಿಗಳ ಸಣ್ಣ ಫೋನು ಇತ್ತು. ದಿನಾ ತರಗತಿ ಮುಗಿದ ಮೇಲೆ ಅದಕ್ಕೆ ಕರೆ ಮಾಡಿ ಇವಳೊಬ್ಬಳಿಗೇ ಪಾಠ ಹೇಳುತ್ತೇನೆ ಎಂದೆ. ಅಂಗಳದ ಬೇವಿನ ಗಿಡದ ಬುಡದಲ್ಲಿ ಅದಕ್ಕೆ ಸಿಗ್ನಲ್ ಬರುತ್ತದೆಂದು ತಾಯಿ ತೋರಿಸಿದಳು. ಬುಡದಲ್ಲೇ ತಾನೇ ಎಂದು ನಾನು ಎರಡು ಸಲ ಕೇಳಿದೆ. ಆಕೆಗೆ ಮೊದಲ ಸಲ ನಗು ಬಂತು.

"ಗಿಡದ ಮ್ಯಾಲ ಹತ್ತೂದಾದ್ರ ಈ ಸಲ ನೀವು ಹತ್ತ್ರಿ," ಎಂದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಹಗುರವಾಗಬೇಕಿತ್ತು. ಆಗಲಿಲ್ಲ. ಶಹಾಪುರದ ಗುಡ್ಡ ಮತ್ತೆ ಬುದ್ಧನಾಗಿತ್ತು, ಅದು ನಿಜ. ಆದರೆ ಮನಸ್ಸು ಬೇರೆಯದನ್ನು ಹಿಡಿದಿತ್ತು. ಇಪ್ಪತ್ತೆರಡು ಇದ್ದದ್ದು ಒಂದೇ ದಿನಕ್ಕೆ ಮೂವತ್ಮೂರು ಆಗಿತ್ತಲ್ಲ, ಆ ಉಳಿದ ಹತ್ತು ಮಂದಿ ಎಲ್ಲಿ ಕೂತಿದ್ದಾರೆ?

ಮರುದಿನ ಒಂಬತ್ತಕ್ಕೆ ಹಿಟ್ಟಿನ ಡಬ್ಬಿಯ ಮುಂದೆ ಕೂತೆ. ಮೂವತ್ತೆರಡು ವೃತ್ತಗಳು ಬಂದವು. ಹಾಜರಿ ಕೂಗಲಿಲ್ಲ. ಒಬ್ಬೊಬ್ಬರೂ ಈಗ ಎಲ್ಲಿ ಕೂತಿದ್ದೀರಿ ಹೇಳಿ ಎಂದೆ. ಮೊದಲು ಎತ್ತಿನ ವೃತ್ತದವನು ಮೈಕು ತೆರೆದು, ಬಣವೆಯ ಮೇಲೆ ಎಂದ. ಕೂಸಿನ ವೃತ್ತದವಳು ಮನೆಯ ಮಾಳಿಗೆ, ಅಂಚಿಗೆ ಬಂದರೆ ಮಾತ್ರ ಕೇಳುತ್ತದೆ ಎಂದಳು. ಒಬ್ಬ ಕಾಲುವೆಯ ಗೇಟಿನ ಗೋಡೆಯ ಮೇಲೆ. ವಡಗೇರಾ ಕಡೆಯವನೊಬ್ಬ ಹುಣಸೆ ಮರದಲ್ಲಿ. ಇಬ್ಬರು ಅಕ್ಕತಂಗಿಯರು ಒಂದೇ ಫೋನು ಹಿಡಿದು, ಇನ್ನೂ ಮುಗಿಯದ ಕಟ್ಟಡವೊಂದರ ಮೂರನೆಯ ಅಂತಸ್ತಿನಲ್ಲಿ. ಟ್ರ್ಯಾಕ್ಟರಿನ ವೃತ್ತ ಮಾತ್ರ ಸುಮ್ಮನಿತ್ತು. ಹೆಸರು ಹಿಡಿದು ಕರೆದೆ.

"ನೀರಿನ ಟಾಕಿ ಮ್ಯಾಲ ಅದೀನ್ರಿ ಮೇಡಂ," ಎಂದ. "ನಮ್ಮೂರಾಗ ಅದೇ ಎತ್ತರ್ರಿ."

ವಾರವೆಲ್ಲ ನಾನು ಎಣಿಸಿ ಹಿಗ್ಗಿದ ವೃತ್ತಗಳಲ್ಲಿ ಎಷ್ಟೋ ಒಂದೊಂದು ಅಂಚಿನ ಮೇಲೆ ಕೂತಿದ್ದವು. ನಾನು ಗೆರೆಗಳ ಬಗ್ಗೆ ಮಾತಾಡುತ್ತಿದ್ದೆ, ಅವರು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಜೀವ ಹಿಡಿದಿದ್ದರು.

"ಪಾಠ ಆಮ್ಯಾಲ," ಎಂದೆ. "ಮೊದಲು ಕೆಳಗ ಇಳೀರಿ. ಸಾವಕಾಶ ಇಳೀರಿ, ಫೋನ್ ಕಿಸೆದಾಗ ಇಟ್ಟು ಎರಡೂ ಕೈಲೆ ಹಿಡಕೊಂಡು ಇಳೀರಿ. ಇಳಿದ ಮ್ಯಾಲ ಯಾರದಾದ್ರೂ ಫೋನಿಂದ ನನಗೊಂದು ಮಿಸ್ ಕಾಲ್ ಕೊಡ್ರಿ."

"ಇಳಿದ್ರ ನೆಟ್‌ವರ್ಕ್ ಹೋಗ್ತದ್ರಿ ಮೇಡಂ," ಎಂದ ಟಾಕಿಯವನು. "ಹಾಜರಿ?"

ಹಾಜರಿ ನಾನು ನೋಡಿಕೊಳ್ಳುತ್ತೇನೆ ಎಂದೆ. ಹೇಗೆ ನೋಡಿಕೊಳ್ಳುತ್ತೇನೆ ಎಂಬುದು ನನಗೂ ಗೊತ್ತಿರಲಿಲ್ಲ.

ಟ್ರ್ಯಾಕ್ಟರು ಹೋಯಿತು. ಎತ್ತು ಹೋಯಿತು. ಕೂಸು ಹೋಯಿತು. ಹಿಂದಿನ ದಿನ ಒಂದು ಹೂವು ಆರಿದ್ದಕ್ಕೆ ನನ್ನ ಜೀವ ಹೋಗಿತ್ತು. ಈಗ ಒಂದೊಂದು ವೃತ್ತ ಆರಿದಾಗಲೂ, ಹಾಂ, ಒಬ್ಬ ನೆಲ ಮುಟ್ಟಿದ ಎಂದು ಎಣಿಸಿದೆ. ಒಂದು ಫೋನಿಗೆ ಕಣ್ಣು, ಇನ್ನೊಂದು ಫೋನಿಗೆ ಕಿವಿ. ಗಂಡನ ಫೋನು ಇಸಿದುಕೊಂಡು ಆ ನಂಬರು ಕೊಟ್ಟಿದ್ದೆ. ಮಿಸ್ ಕಾಲುಗಳು ಬರತೊಡಗಿದವು. ಟಾಕಿಯವನದು ಎಲ್ಲಕ್ಕಿಂತ ತಡವಾಗಿ ಬಂತು.

ಪರದೆಯ ಮೇಲೆ ಹನ್ನೊಂದು ವೃತ್ತ ಉಳಿದಿದ್ದವು. ಹನ್ನೊಂದೂ ನೆಲದ ಮೇಲಿನವು. ಹತ್ತು ಮಂದಿ ಎಂದುಕೊಂಡಿದ್ದೆ, ಇಳಿದದ್ದು ಇಪ್ಪತ್ತೊಂದು ವೃತ್ತ; ಮೊದಲಿನಿಂದ ಬರುತ್ತಿದ್ದವರೂ ನನ್ನ ಮಾತು ಕೇಳಿ ಎತ್ತರ ಹುಡುಕಿ ಹೋಗಿದ್ದರು. ಕೈಮುಗಿದ ಚಿತ್ರ ನೆನಪಾಯಿತು. ನಾನು ಸ್ಕ್ರೀನ್‌ಶಾಟ್ ತೆಗೆದೆ, ಅದರ ಕೆಳಗೆ ಇಪ್ಪತ್ತೊಂದು ವೃತ್ತದವರನ್ನು ನಾನೇ ಎತ್ತರದಿಂದ ಕೆಳಗೆ ಇಳಿಸಿದ್ದೇನೆ ಎಂದು ಬರೆದೆ, ಪ್ರಾಂಶುಪಾಲರಿಗೆ ಕಳಿಸಿದೆ. ಆಮೇಲೆ ಫೋನು ಹಿಟ್ಟಿನ ಡಬ್ಬಿಗೆ ಒರಗಿಸಿ, ಆ ಹನ್ನೊಂದು ಮಂದಿಗೆ, ಗುಡ್ಡದ ಗೆರೆಗಳನ್ನು ಮೇಲಿನಿಂದ ಕೆಳಗೆ ಓದುವುದು ಹೇಗೆ ಎಂದು ಹೇಳತೊಡಗಿದೆ.